ಬಟ್ಟೆ ತಡವಾಗಿ ಒಣಗಿದರೆ ಗೋಡೆಯ ಕೊಳವೆ ನೋಡಿ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಂದಿರ ಪೆಟ್ಟಿಗೆಯಲ್ಲಿ ಏನೇನಿರುತ್ತದೆ ಎಂದು ಕೇಳಬೇಕಾಗಿಲ್ಲ. ಸಾರಿನ ಪುಡಿ, ಅಂಟಿನುಂಡೆ, ಬಜೆ, ಓಮ, ಕೂಸಿಗೆ ಸುತ್ತಲು ಹಳೆಯ ಮೆತ್ತನೆಯ ಪಂಚೆಯ ತುಂಡುಗಳು. ಅಲ್ಲಿ ಹೋದ ಮೇಲೆ ಕೂಸಿನ ಬಟ್ಟೆ ಒಗೆದು, ಒಣಗಿಸಿ, ಮಡಿಸಿಡುವ ಕೆಲಸವೂ ಬಹುಪಾಲು ಅವರದೇ. ಒಗೆಯುವ ಯಂತ್ರ ಈಗ ನಮ್ಮ ಮನೆಗಳಿಗೆ ಹೊಸದಲ್ಲ. ಅದರ ಪಕ್ಕದಲ್ಲಿ ನಿಂತಿರುವ ಇನ್ನೊಂದು ಯಂತ್ರ, ಬಟ್ಟೆ ಒಣಗಿಸುವ ಡ್ರೈಯರ್, ಮಾತ್ರ ಹೊಸದು. ಯಾವ ಗುಂಡಿ ಒತ್ತಬೇಕೆಂದು ತೋರಿಸಿ ಮಕ್ಕಳು ಕೆಲಸಕ್ಕೆ ಹೋಗುತ್ತಾರೆ. ಹಗಲೆಲ್ಲ ಆ ಯಂತ್ರದ ಜೊತೆಗಿರುವವರು ಬಾಣಂತಿ, ಹಸುಗೂಸು ಮತ್ತು ಅಜ್ಜಿ.

ಇಂಥ ಮನೆಗಳಲ್ಲಿ ಆಗಾಗ ಕೇಳಿಬರುವ ದೂರು ಒಂದುಂಟು. ಮೊದಮೊದಲು ಮುಕ್ಕಾಲು ಗಂಟೆಯಲ್ಲಿ ಗರಿಗರಿಯಾಗಿ ಬರುತ್ತಿದ್ದ ಬಟ್ಟೆ ಈಗ ಎರಡು ಸಲ ತಿರುಗಿಸಿದರೂ ತೇವ ತೇವವಾಗಿಯೇ ಇರುತ್ತದೆ. ಯಂತ್ರ ಹಳೆಯದಾಯಿತು, ಹೊಸದು ಕೊಳ್ಳಬೇಕು ಎಂಬ ಮಾತು ನಡೆಯುತ್ತದೆ. ಅನೇಕ ಬಾರಿ ಯಂತ್ರಕ್ಕೆ ಏನೂ ಆಗಿರುವುದಿಲ್ಲ. ತೊಂದರೆ ಇರುವುದು ಅದರ ಬೆನ್ನಿನಿಂದ ಹೊರಟು ಗೋಡೆಯೊಳಗೆ ಹಾದು ಮನೆಯ ಹೊರಗೆ ಬಾಯಿ ತೆರೆಯುವ ಕೊಳವೆಯಲ್ಲಿ. ಅಲ್ಲಿಯವರು ಅದನ್ನು ವೆಂಟ್ ಎನ್ನುತ್ತಾರೆ. ಕಟ್ಟಿಕೊಂಡ ವೆಂಟ್ ಬಟ್ಟೆಯನ್ನು ತಡವಾಗಿ ಒಣಗಿಸುವುದಷ್ಟೇ ಅಲ್ಲ, ಮನೆಗೆ ಬೆಂಕಿಯನ್ನೂ ತರಬಲ್ಲದು. ಅಮೆರಿಕದ ಅಗ್ನಿಶಾಮಕ ಆಡಳಿತ 2008ರಿಂದ 2010ರವರೆಗಿನ ಲೆಕ್ಕ ತೆಗೆದಾಗ, ಮನೆಗಳಲ್ಲಿ ಡ್ರೈಯರ್‌ನಿಂದ ಹುಟ್ಟಿದ ಬೆಂಕಿಯ ಪ್ರಕರಣಗಳು ವರ್ಷಕ್ಕೆ ಸುಮಾರು 2,900 ಎಂದು ಕಂಡುಬಂತು. ವರ್ಷಕ್ಕೆ ಸುಮಾರು 5 ಸಾವು, 100 ಮಂದಿಗೆ ಗಾಯ, 3.5 ಕೋಟಿ ಡಾಲರ್ ನಷ್ಟ. ಕಾರಣಗಳ ಪಟ್ಟಿಯಲ್ಲಿ ಮೊದಲ ಸ್ಥಾನ, ನೂರಕ್ಕೆ 34ರಷ್ಟು, ಶುಚಿ ಮಾಡದೆ ಬಿಟ್ಟದ್ದಕ್ಕೆ.

ಶುಚಿ ಮಾಡಲು ಅಲ್ಲಿ ಇರುವುದಾದರೂ ಏನು? ಒಗೆದ ಬಟ್ಟೆ ಕೊಳೆಯೇ ಅಲ್ಲವಲ್ಲ?

ಡ್ರೈಯರ್ ಕೆಲಸ ಮಾಡುವ ಬಗೆ ಸರಳ. ಒಂದು ಪೀಪಾಯಿ ತಿರುಗುತ್ತಿರುತ್ತದೆ. ಫ್ಯಾನು ಮನೆಯೊಳಗಿನ ಗಾಳಿಯನ್ನೇ ಎಳೆದುಕೊಂಡು ಹೀಟರಿನ ಮೇಲೆ ಹಾಯಿಸಿ ಪೀಪಾಯಿಗೆ ಕಳಿಸುತ್ತದೆ. ಬಿಸಿ ಗಾಳಿ ಬಟ್ಟೆಯ ನೀರನ್ನು ಆವಿ ಮಾಡಿ, ಆ ಆವಿಯನ್ನು ಹೊತ್ತು ಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ನಮ್ಮ ಅಂಗಳದ ಹಗ್ಗದ ಮೇಲೆ ಬಿಸಿಲು ಮಾಡುವ ಕೆಲಸ ಅಲ್ಲಿ ಹೀಟರಿನದು, ಗಾಳಿ ಮಾಡುವ ಕೆಲಸ ಫ್ಯಾನಿನದು. ಮಲೆನಾಡಿನವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಆಷಾಢದ ಮಳೆಯಲ್ಲಿ ಬಚ್ಚಲೊಲೆಯ ಮೇಲೆ ಗಳ ಕಟ್ಟಿ ಬಟ್ಟೆ ಹರವಿದರೂ, ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿದ್ದರೆ ಅದು ಒಣಗುವುದಿಲ್ಲ. ಬರೀ ಕಾವು ಸಾಲದು, ತೇವ ಹೊತ್ತ ಗಾಳಿ ಜಾಗ ಖಾಲಿ ಮಾಡಬೇಕು.

ಹೀಗೆ ಉರುಳುವಾಗ ಬಟ್ಟೆಗಳು ಒಂದಕ್ಕೊಂದು ಉಜ್ಜಿಕೊಂಡು ಸವೆಯುತ್ತವೆ. ಸವೆದು ಉದುರುವ ನವಿರಾದ ಎಳೆಗಳಿಗೆ ಲಿಂಟ್ ಎಂದು ಹೆಸರು. ನಾವು ನಾರುಧೂಳು ಎನ್ನೋಣ. ಹಗ್ಗದ ಮೇಲೆ ಒಣಗಿಸಿದಾಗ ಗಾಳಿಗೆ ಹಾರಿಹೋಗುವ ಧೂಳು ಇಲ್ಲಿ ಯಂತ್ರದೊಳಗೇ ಸೇರುತ್ತದೆ. ಅದನ್ನು ಹಿಡಿಯಲೆಂದೇ ಬಾಗಿಲ ಬಳಿ ಅಥವಾ ಯಂತ್ರದ ಮೇಲ್ಭಾಗದಲ್ಲಿ ಎಳೆದು ತೆಗೆಯಬಹುದಾದ ಜಾಲರಿಯೊಂದಿದೆ. ಒಂದು ಸಲ ಬಟ್ಟೆ ಒಣಗಿಸಿ ಅದನ್ನು ಹೊರತೆಗೆದರೆ ಬೂದು ಬಣ್ಣದ, ಕಂಬಳಿಯಂಥ ಪದರ ಸಿಗುತ್ತದೆ. ಆದರೆ ಜಾಲರಿ ಎಲ್ಲವನ್ನೂ ಹಿಡಿಯುವುದಿಲ್ಲ. ತಪ್ಪಿಸಿಕೊಂಡದ್ದು ಗಾಳಿಯ ಜೊತೆ ಕೊಳವೆಗೆ ಹೋಗುತ್ತದೆ. ತಿರುವುಗಳಲ್ಲಿ, ಕೊಳವೆ ಜೋಡಿಸಿದ ಕಡೆ, ಒಳಗೆ ಸ್ಕ್ರೂ ಚಾಚಿಕೊಂಡಿದ್ದರೆ ಅದರ ಮೊನೆಗೆ ಸಿಕ್ಕಿಕೊಳ್ಳುತ್ತದೆ. ಒಂದು ಎಳೆ ನಿಂತರೆ ಅದರ ಮೇಲೆ ಹತ್ತು ನಿಲ್ಲುತ್ತವೆ.

ಚಳಿಗಾಲದಲ್ಲಿ ಇದು ಇನ್ನಷ್ಟು. ಆವಿ ತುಂಬಿದ ಬಿಸಿ ಗಾಳಿ ತಣ್ಣನೆಯ ಲೋಹದ ಕೊಳವೆಗೆ ತಗುಲಿದಾಗ, ಐಸ್ ನೀರಿನ ಲೋಟದ ಹೊರಮೈಯಲ್ಲಿ ಹನಿಗಟ್ಟುವಂತೆ ಕೊಳವೆಯ ಒಳಮೈಯಲ್ಲಿ ಹನಿಗಟ್ಟುತ್ತದೆ. ಒದ್ದೆ ಗೋಡೆಗೆ ನಾರುಧೂಳು ಅಂಟಿ ಹಪ್ಪಳದಂತೆ ಕೂರುತ್ತದೆ. ಡ್ರೈಯರ್ ಬೆಂಕಿಗಳು ಅಲ್ಲಿ ಜನವರಿಯಲ್ಲಿ ಅತಿ ಹೆಚ್ಚು. ದಪ್ಪ ಬಟ್ಟೆ, ಯಂತ್ರದ ಹೆಚ್ಚಿನ ಬಳಕೆ ಇವೂ ಅದಕ್ಕೆ ಕಾರಣವೆನ್ನಬಹುದು.

ಈಗ ವಿದ್ಯಾರ್ಥಿಗಳು ಪೆನ್ಸಿಲು ಹಿಡಿಯಲಿ. ಗುಪ್ತೋಷ್ಣದ ಪಾಠವನ್ನು ಪರೀಕ್ಷೆಗೆ ಬರೆದು ಮರೆತವರಿಗೆ ಇದೊಂದು ಒಳ್ಳೆಯ ಲೆಕ್ಕ. ಒಣ ತೂಕ 5 ಕಿಲೋ ಇರುವ ಬಟ್ಟೆಯಲ್ಲಿ, ಯಂತ್ರ ಹಿಂಡಿದ ಮೇಲೂ ಸುಮಾರು 2.5 ಲೀಟರ್ ನೀರು ಉಳಿದಿರುತ್ತದೆ ಎನ್ನೋಣ. ಒಂದು ಕಿಲೋ ನೀರನ್ನು ಆವಿ ಮಾಡಲು, ಕುದಿಯುವ ಉಷ್ಣತೆಗಿಂತ ಕೆಳಗೆ, ಸುಮಾರು 2,400 ಕಿಲೋಜೂಲ್ ಬೇಕು. ಒಟ್ಟು 6,000 ಕಿಲೋಜೂಲ್. ಒಂದು ಯೂನಿಟ್ ವಿದ್ಯುತ್ತೆಂದರೆ 3,600 ಕಿಲೋಜೂಲ್, ಆದ್ದರಿಂದ ಏನೂ ವ್ಯರ್ಥವಾಗದಿದ್ದರೂ 1.7 ಯೂನಿಟ್ ಬೇಕೇ ಬೇಕು. ಕೊಳವೆಯಲ್ಲಿ ಹೊರಹೋಗುವ ಗಾಳಿ ತನ್ನ ಬಿಸಿಯನ್ನೂ ಕೊಂಡೊಯ್ಯುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು ಖರ್ಚಾಗುತ್ತದೆ. ಇಷ್ಟು ಶಕ್ತಿಯನ್ನು ಸ್ವಲ್ಪ ಹೊತ್ತಿನಲ್ಲಿ ಕೊಡಬೇಕಾದ್ದರಿಂದಲೇ ಅಲ್ಲಿಯ ಹೀಟರು ಸುಮಾರು 5 ಕಿಲೋವಾಟಿನದು. ಮನೆಯ ಸಾಮಾನ್ಯ ಪ್ಲಗ್ಗುಗಳು 120 ವೋಲ್ಟಿನವಾದರೆ ಇದಕ್ಕೆ ಪ್ರತ್ಯೇಕವಾದ 240 ವೋಲ್ಟಿನ ದಪ್ಪ ಪ್ಲಗ್ಗು.

ಎರಡನೆಯ ಲೆಕ್ಕ ಇನ್ನೂ ಮುಖ್ಯ. ಫ್ಯಾನು ನಿಮಿಷಕ್ಕೆ 4 ಘನ ಮೀಟರ್ ಗಾಳಿ ಸಾಗಿಸುತ್ತದೆ ಎಂದಿಟ್ಟುಕೊಳ್ಳಿ. ಅದರ ತೂಕ ಸುಮಾರು 4.8 ಕಿಲೋ. ಒಂದು ಕಿಲೋ ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಲು ಸುಮಾರು 1 ಕಿಲೋಜೂಲ್ ಸಾಕು. 5 ಕಿಲೋವಾಟ್ ಹೀಟರು ನಿಮಿಷಕ್ಕೆ 300 ಕಿಲೋಜೂಲ್ ಕೊಡುತ್ತದೆ. ಭಾಗಿಸಿದರೆ ಗಾಳಿ ಸುಮಾರು 62 ಡಿಗ್ರಿ ಬಿಸಿಯೇರುತ್ತದೆ. 22 ಡಿಗ್ರಿಯಲ್ಲಿ ಒಳಬಂದದ್ದು ಹೀಟರು ದಾಟುವಾಗ 84 ಆಗಿರುತ್ತದೆ. ಈಗ ಕೊಳವೆ ಕಟ್ಟಿಕೊಂಡು ಗಾಳಿ ಅರ್ಧಕ್ಕೆ ಇಳಿಯಿತು ಎನ್ನಿ. ಹೀಟರಿಗೆ ಅದು ಗೊತ್ತಿಲ್ಲ, ಅದು ಕೊಡುವಷ್ಟನ್ನು ಕೊಡುತ್ತಲೇ ಇರುತ್ತದೆ. ಅರ್ಧ ಗಾಳಿ, ಅಷ್ಟೇ ಶಾಖ. ಏರಿಕೆ ಇಮ್ಮಡಿಯಾಗಿ ಉಷ್ಣತೆ 147 ಡಿಗ್ರಿಯ ಹತ್ತಿರ ಹೋಗುತ್ತದೆ.

ಹಾಗಾಗದಂತೆ ತಡೆಯಲು ಥರ್ಮೋಸ್ಟಾಟ್ ಎಂಬ ಕಾವಲುಗಾರನಿದ್ದಾನೆ. ಬಿಸಿ ಮಿತಿ ಮೀರಿದೊಡನೆ ಹೀಟರನ್ನು ಆರಿಸುತ್ತಾನೆ, ತಣಿದ ಮೇಲೆ ಮತ್ತೆ ಹಚ್ಚುತ್ತಾನೆ. ಅವನೂ ಸೋತರೆ ಕರಗಿ ತುಂಡಾಗುವ ಫ್ಯೂಸೊಂದು ಇರುತ್ತದೆ. ಆದರೆ ಇದರಿಂದಲೇ ಬಟ್ಟೆ ಒಣಗುವುದು ಮತ್ತಷ್ಟು ತಡ. ಗಾಳಿಯೂ ಕಡಿಮೆ, ಹೀಟರೂ ಆಗಾಗ ಬಂದ್. ಮನೆಯವರು ಏನು ಮಾಡುತ್ತಾರೆ? ಇನ್ನೊಂದು ಸಲ ಗುಂಡಿ ಒತ್ತುತ್ತಾರೆ. ದಿನಕ್ಕೆ ಒಂದು ಗಂಟೆ ಓಡಬೇಕಾದ ಯಂತ್ರ ಎರಡು ಮೂರು ಗಂಟೆ ಓಡುತ್ತದೆ, ಕಾವಲುಗಾರನಿಗೆ ದುಡಿಮೆ ಹೆಚ್ಚುತ್ತದೆ. ಇತ್ತ ಹೊರಗೆ ಹೋಗಲಾರದ ನಾರುಧೂಳು ಹಿಂದೆ ನಿಂತು ಹೀಟರಿನ ಸುತ್ತಮುತ್ತ ಜಮಾಯಿಸುತ್ತದೆ. ಎಂದೋ ಒಂದು ದಿನ ಕೆಂಪಗೆ ಕಾದ ತಂತಿಯ ಮೇಲೆ ಒಂದು ಎಳೆ ಬಿದ್ದು ಕಿಡಿಯಾದರೆ ಸಾಕು, ಫ್ಯಾನು ಆ ಕಿಡಿಯನ್ನು ಊದಿ ನಾರು ತುಂಬಿದ ಕೊಳವೆಗೆ ತಾನೇ ತಲುಪಿಸುತ್ತದೆ.

ನಾರುಧೂಳಿಗೆ ಬೆಂಕಿ ಅಷ್ಟು ಬೇಗ ಹತ್ತುವುದೇಕೆ ಎಂದರೆ, ಕೊರಡಿಗೂ ಬಡಗಿಯ ಉಳಿಯಡಿ ಬಿದ್ದ ತೆಳು ಸಿಪ್ಪೆಗೂ ಇರುವ ವ್ಯತ್ಯಾಸವನ್ನು ನೆನೆಯಿರಿ. ಮರ ಒಂದೇ, ಆದರೆ ಸಿಪ್ಪೆಗೆ ಕಡ್ಡಿ ಗೀರಿದರೆ ಸಾಕು. ತೂಕಕ್ಕೆ ಹೋಲಿಸಿದರೆ ಮೈ ಹೆಚ್ಚು, ಎಲ್ಲ ಕಡೆಯಿಂದಲೂ ಆಮ್ಲಜನಕ ಸಿಗುತ್ತದೆ. ಹತ್ತಿಯ ಅರಳೆ ತುಂಬಿದ ಜಿನ್ನಿಂಗ್ ಕಾರ್ಖಾನೆಗಳಲ್ಲಿ ಬೀಡಿ ಹಚ್ಚಲು ಬಿಡದಿರುವುದು ಇದೇ ಕಾರಣಕ್ಕೆ. ಡ್ರೈಯರಿನ ಕೊಳವೆಯಲ್ಲಿ ಕೂತಿರುವುದೂ ಬಹುಪಾಲು ಅದೇ ಅರಳೆ, ಅದೂ ಚೆನ್ನಾಗಿ ಒಣಗಿಸಿದ್ದು.

ನಮ್ಮ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಬಳಸಿದವರಿಗೆ ಕೊಳವೆ ಕಟ್ಟುವುದೆಂದರೇನು ಎಂದು ವಿವರಿಸಬೇಕಾಗಿಲ್ಲ. ಚಿಮಣಿಯಲ್ಲಿ ಮಸಿ ಕೂತರೆ ಹೊಗೆ ಅಡುಗೆಮನೆಗೇ ತಿರುಗಿ ಕಣ್ಣು ಉರಿಯುತ್ತಿತ್ತು, ಆವತ್ತೇ ಯಾರಾದರೂ ಕೋಲಿಗೆ ಗೋಣಿ ಸುತ್ತಿ ಚಿಮಣಿ ತಿವಿಯುತ್ತಿದ್ದರು. ಡ್ರೈಯರಿನ ತೊಡಕು ಇರುವುದು ಇಲ್ಲಿಯೇ. ಅದು ಹೊಗೆ ತೋರಿಸುವುದಿಲ್ಲ, ಸದ್ದು ಬದಲಿಸುವುದಿಲ್ಲ, ದೀಪ ಉರಿಯುತ್ತದೆ, ಪೀಪಾಯಿ ತಿರುಗುತ್ತದೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೆ. ಅದೂ ದಿನಕ್ಕೆ ಅರ್ಧ ನಿಮಿಷದಂತೆ ತಿಂಗಳುಗಟ್ಟಲೆ ಏರುವುದರಿಂದ ಯಾರ ಗಮನಕ್ಕೂ ಬಾರದು.

ಆದ್ದರಿಂದ ನನ್ನ ಸಲಹೆ ಹೀಗಿದೆ. ಕೊಳವೆ ಶುಚಿ ಮಾಡಿದ ದಿನ ಒಂದಷ್ಟು ಗೊತ್ತಾದ ಬಟ್ಟೆ, ಆರು ಟವೆಲು ಎನ್ನಿ, ಒಗೆದು ಹಾಕಿ ಎಷ್ಟು ನಿಮಿಷಕ್ಕೆ ಒಣಗಿತೆಂದು ಚೀಟಿಯಲ್ಲಿ ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿ. ತಿಂಗಳಿಗೊಮ್ಮೆ ಅದೇ ಟವೆಲುಗಳನ್ನು ಹಾಕಿ ನೋಡಿ. 40 ನಿಮಿಷ ಇದ್ದದ್ದು 50 ದಾಟಿತೆಂದರೆ ವರ್ಷ ತುಂಬುವವರೆಗೆ ಕಾಯಬೇಡಿ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಕೆಲಸ ಅವರಿಗೇ ಒಪ್ಪಿಸಿ; ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡುವ ಪಾಠ ಇಷ್ಟು ಪ್ರಯೋಜನಕ್ಕೆ ಬರುವ ಸಂದರ್ಭ ಕಡಿಮೆ.

ಹೊತ್ತಿನ ಜೊತೆಗೆ ಇನ್ನೂ ಕೆಲವು ಗುರುತುಗಳಿವೆ. ಹೊರತೆಗೆದ ಬಟ್ಟೆ ಮುಟ್ಟಲಾರದಷ್ಟು ಸುಡುವುದು, ಯಂತ್ರದ ಮೇಲ್ಮೈ ಕಾಯುವುದು, ಸುಟ್ಟ ವಾಸನೆ, ಆ ಕೋಣೆಯ ಕಿಟಕಿಗಾಜಿನ ಮೇಲೆ ಹನಿ. ಎಲ್ಲಕ್ಕಿಂತ ಸುಲಭವಾದದ್ದು, ಯಂತ್ರ ಓಡುತ್ತಿರುವಾಗ ಮನೆಯ ಹೊರಗೆ ಹೋಗಿ ಕೊಳವೆಯ ಬಾಯಿಯ ಮುಚ್ಚಳ ನೋಡುವುದು. ಅದು ಚೆನ್ನಾಗಿ ತೆರೆದುಕೊಂಡು ಬಿಸಿ ಗಾಳಿ ಅಂಗೈಗೆ ರಭಸವಾಗಿ ಬಡಿಯಬೇಕು. ಮುಚ್ಚಳ ಅರೆತೆರೆದು ಅಲುಗಾಡುತ್ತಿದ್ದರೆ ಒಳಗೆ ಕಟ್ಟಿದೆ ಎಂದೇ ಅರ್ಥ. ಬೆಚ್ಚಗಿರುತ್ತದೆಂದು ಹಕ್ಕಿ ಅಲ್ಲಿ ಗೂಡು ಕಟ್ಟುವುದೂ ಉಂಟು. ಹಕ್ಕಿ ಬಾರದಿರಲೆಂದು ನಮ್ಮ ಜನ ಸೊಳ್ಳೆ ಜಾಲರಿ ಹೊಡೆಯಲು ಹೋಗುತ್ತಾರೆ. ಅದನ್ನು ಖಂಡಿತ ಮಾಡಬಾರದು, ವಾರದೊಳಗೆ ನಾರುಧೂಳು ಆ ಜಾಲರಿಯನ್ನೇ ಮುಚ್ಚಿಹಾಕುತ್ತದೆ.

ಜಾಲರಿಯ ಧೂಳನ್ನು ಪ್ರತಿ ಸಲ ಬಟ್ಟೆ ಒಣಗಿಸಿದಾಗಲೂ ತೆಗೆಯಬೇಕು. ಇದಕ್ಕೆ ವಿನಾಯಿತಿ ಇಲ್ಲ. ಸುವಾಸನೆಗೆಂದು ಬಟ್ಟೆಯ ಜೊತೆ ಹಾಕುವ ತೆಳು ಹಾಳೆಗಳ ಮೇಣದಂಥ ಅಂಶ ಜಾಲರಿಗೆ ಅಂಟಿ, ಕಣ್ಣಿಗೆ ಶುಚಿಯಾಗಿ ಕಂಡರೂ ಗಾಳಿಯನ್ನು ತಡೆಯುತ್ತದೆ. ನಲ್ಲಿಯ ಕೆಳಗೆ ಹಿಡಿದು ನೋಡಿ. ನೀರು ಸೋರಿಹೋಗದೆ ಮೇಲೆ ನಿಂತರೆ ಸೋಪು ನೀರಿನಲ್ಲಿ ಮೆದು ಬ್ರಷ್ಷಿನಿಂದ ತಿಕ್ಕಿ ತೊಳೆದು, ಪೂರ್ತಿ ಒಣಗಿಸಿ ಮರಳಿ ಹಾಕಿ.

ಕೊಳವೆಯನ್ನು ವರ್ಷಕ್ಕೆ ಒಮ್ಮೆಯಾದರೂ ಶುಚಿ ಮಾಡಬೇಕು. ಕೂಸಿನ ಬಟ್ಟೆ ದಿನವೂ ಒಣಗಿಸುವ ಮನೆ, ನಾಯಿ ಬೆಕ್ಕಿನ ಕೂದಲಿರುವ ಮನೆ, ಉದ್ದ ಕೊಳವೆಯ ಮನೆಗಳಲ್ಲಿ ಇನ್ನೂ ಬೇಗ. ಕೊಳವೆಯ ಅಡ್ಡಗಲ ಸಾಮಾನ್ಯವಾಗಿ 4 ಅಂಗುಲ, ಅಂದರೆ ಸುಮಾರು 10 ಸೆಂಟಿಮೀಟರ್. ಸುತ್ತ 1 ಸೆಂಟಿಮೀಟರ್ ಧೂಳು ಕೂತರೆ ಉಳಿಯುವುದು 8. ವೃತ್ತದ ವಿಸ್ತೀರ್ಣದ ಸೂತ್ರ ಹಾಕಿ ನೋಡಿ, ಮೂರನೇ ಒಂದಕ್ಕಿಂತ ಹೆಚ್ಚು ದಾರಿ ಹೋಯಿತು. ತಿರುವುಗಳೂ ಹಾಗೆಯೇ. ಅಲ್ಲಿ ಅನೇಕ ರಾಜ್ಯಗಳು ಅನುಸರಿಸುವ ಮನೆ ಕಟ್ಟುವ ಮಾದರಿ ನಿಯಮದಲ್ಲಿ ಕೊಳವೆಯ ಉದ್ದಕ್ಕೆ 35 ಅಡಿಯ ಮಿತಿಯಿದ್ದು, ಒಂದೊಂದು ಸಾಮಾನ್ಯ ಲಂಬಕೋನದ ತಿರುವಿಗೂ 5 ಅಡಿ ಕಳೆಯಬೇಕು. ಒಂದು ತಿರುವು ಐದು ಅಡಿ ನೇರ ಕೊಳವೆಯಷ್ಟು ತಡೆಯೊಡ್ಡುತ್ತದೆ ಎಂದು ಎಂಜಿನಿಯರರು ಲೆಕ್ಕ ಹಾಕಿದ್ದಾರೆಂದಾಯಿತು. ಯಂತ್ರದ ಹಿಂದೆ ಬೆಳ್ಳಿ ಕಾಗದದಂಥ ಅಥವಾ ಪ್ಲಾಸ್ಟಿಕ್ಕಿನ ಸುಕ್ಕುಸುಕ್ಕು ಕೊಳವೆ ಕಂಡರೆ ಅದನ್ನು ತೆಗೆಸಿ ಗಟ್ಟಿ ಲೋಹದ್ದನ್ನು ಹಾಕಿಸಿ. ಸುಕ್ಕುಗಳಲ್ಲಿ ಧೂಳು ಕೂರುತ್ತದೆ, ಯಂತ್ರವನ್ನು ಗೋಡೆಗೆ ತಳ್ಳಿದರೆ ಜಜ್ಜಿಹೋಗುತ್ತದೆ, ಬೆಂಕಿ ಬಿದ್ದರೆ ತಡೆಯುವುದಿಲ್ಲ.

ಕೆಲಸ ಕಷ್ಟದ್ದಲ್ಲ. ಮೊದಲು ಪ್ಲಗ್ಗು ಕೀಳಬೇಕು. ಯಂತ್ರವನ್ನು ಮೆಲ್ಲನೆ ಮುಂದೆಳೆದು, ಹಿಂದಿನ ಪಟ್ಟಿ ಸಡಿಲಿಸಿ ಕೊಳವೆ ಬಿಡಿಸಿ, ಉದ್ದ ಕಡ್ಡಿಗಳನ್ನು ಒಂದಕ್ಕೊಂದು ಸೇರಿಸುವ ದುಂಡು ಬ್ರಷ್ಷಿನಿಂದ ಎರಡೂ ಕಡೆಯಿಂದ ಉಜ್ಜಿ, ವ್ಯಾಕ್ಯೂಮ್ ಕ್ಲೀನರಿನಿಂದ ಧೂಳು ಎಳೆಯಬೇಕು. ಯಂತ್ರದ ಹಿಂದೆ, ಕೆಳಗೆ ನೆಲದ ಮೇಲಿರುವುದನ್ನೂ ಬಿಡಬೇಡಿ. ಮರಳಿ ಜೋಡಿಸಿದ ಮೇಲೆ ಹತ್ತು ನಿಮಿಷ ಖಾಲಿ ಓಡಿಸಿ ಹೊರಗಿನ ಮುಚ್ಚಳ ನೋಡಿ. ಇದು ವಿದ್ಯುತ್ ಯಂತ್ರಕ್ಕೆ. ಗ್ಯಾಸಿನಿಂದ ಕಾಯುವ ಡ್ರೈಯರುಗಳೂ ಅಲ್ಲಿವೆ. ಅವನ್ನು ಎಳೆದಾಡಿ ಗ್ಯಾಸಿನ ಪೈಪು ಸಡಿಲಿಸಿಕೊಳ್ಳಬೇಡಿ, ತಿಳಿದವರನ್ನು ಕರೆಸಿ. ಅವುಗಳ ಕೊಳವೆ ಕಟ್ಟಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೋಣೆಗೆ ತಿರುಗುವ ಅಪಾಯವೂ ಇದೆ. ಕೊಳವೆ ಛಾವಣಿಯ ಮೇಲೆ ಬಾಯಿ ತೆರೆಯುವ ಮನೆಗಳಲ್ಲೂ ಹಾಗೆಯೇ; ಅರವತ್ತು ದಾಟಿದ ತಂದೆಯವರು ಇಲ್ಲಿ ತೆಂಗಿನ ಮರ ಹತ್ತಿದ್ದೆ ಎಂದು ಅಲ್ಲಿಯ ಹಿಮದಲ್ಲಿ ಏಣಿ ಇಡುವುದು ಬೇಡ.

ನಮ್ಮ ಮನೆಗಳಿಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ವಿಷಯವಿದೆ, ಎಣ್ಣೆ. ಎಣ್ಣೆಸ್ನಾನದ ಟವೆಲು, ಎಣ್ಣೆ ಒರೆಸಿದ ಅಡುಗೆಮನೆಯ ಬಟ್ಟೆ, ಇವು ಒಗೆದರೂ ಎಣ್ಣೆಯನ್ನು ಪೂರ್ತಿ ಬಿಡುವುದಿಲ್ಲ. ಎಣ್ಣೆಯ ಅಣುಗಳಲ್ಲಿರುವ ಇಬ್ಬಂಧಗಳಿಗೆ ಆಮ್ಲಜನಕ ಸೇರುವಾಗ ಶಾಖ ಹೊರಬರುತ್ತದೆ. ಹಗ್ಗದ ಮೇಲಿದ್ದರೆ ಆ ಶಾಖ ಗಾಳಿಗೆ ಹೋಗುತ್ತದೆ. ಡ್ರೈಯರಿನಿಂದ ಬಿಸಿಬಿಸಿಯಾಗಿ ತೆಗೆದು ಬುಟ್ಟಿಯಲ್ಲಿ ಗುಡ್ಡೆ ಹಾಕಿದರೆ ಅದು ಒಳಗೇ ಉಳಿದು ಏರುತ್ತಾ ಹೋಗಿ, ಯಾರೂ ಕಡ್ಡಿ ಗೀರದೆ ಹೊತ್ತಿಕೊಳ್ಳಬಹುದು. ಹಸಿ ಹುಲ್ಲನ್ನು ಬಣವೆ ಒಟ್ಟಿದರೆ ಒಳಗೆ ಕಾವೇರುತ್ತದೆಂದು ರೈತರಿಗೆ ಗೊತ್ತು. ಅಲ್ಲಿ ಆರಂಭ ಸೂಕ್ಷ್ಮಜೀವಿಗಳಿಂದ, ಇಲ್ಲಿ ಆಮ್ಲಜನಕದಿಂದ. ಇಬ್ಬಂಧಗಳು ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು. ಕೊಬ್ಬರಿ ಎಣ್ಣೆಯಲ್ಲಿ ಅವು ಬಲು ಕಡಿಮೆ, ಎಳ್ಳೆಣ್ಣೆ, ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚು, ಅಗಸೆ ಎಣ್ಣೆಯಲ್ಲಿ ಬಹಳ ಹೆಚ್ಚು. ಯಾವ ಎಣ್ಣೆಯೆಂದು ಲೆಕ್ಕ ಹಾಕುತ್ತ ಕೂರುವುದಕ್ಕಿಂತ ಎಣ್ಣೆ ಬಟ್ಟೆಯನ್ನು ಡ್ರೈಯರಿಗೆ ಹಾಕದಿರುವುದೇ ಸುಲಭ. ಕೂಸಿನ ಕೆಳಗೆ ಹಾಸುವ ರಬ್ಬರ್ ಶೀಟನ್ನೂ ಹಾಕಬಾರದು. ಯಂತ್ರ ಓಡುತ್ತಿರುವಾಗ ಮನೆಗೆ ಬೀಗ ಹಾಕಿ ಹೋಗುವುದು, ರಾತ್ರಿ ಹಚ್ಚಿ ಮಲಗುವುದು, ಇವೆರಡೂ ಬೇಡ.

ಓದಲು ಹೋಗಿ ಬಾಡಿಗೆ ಮನೆಯಲ್ಲಿರುವ ವಿದ್ಯಾರ್ಥಿಗಳು ಕೊಳವೆಗೆ ತಾವೇ ಕೈಹಾಕಬೇಕಾಗಿಲ್ಲ. ಜಾಲರಿಯನ್ನು ಪ್ರತಿ ಸಲ ಶುಚಿ ಮಾಡಿ, ಅದರಲ್ಲೂ ಎಲ್ಲರೂ ಬಳಸುವ ಯಂತ್ರವಾದರೆ ಬಟ್ಟೆ ಹಾಕುವ ಮುಂಚೆಯೂ ಒಮ್ಮೆ ನೋಡಿ. ಒಣಗುವುದು ತಡವಾದರೆ ಮನೆ ನೋಡಿಕೊಳ್ಳುವವರಿಗೆ ಬರವಣಿಗೆಯಲ್ಲಿ ತಿಳಿಸಿ. ಬಟ್ಟೆ ಸರಿಯಾಗಿ ಒಣಗುತ್ತಿಲ್ಲ ಎಂದಷ್ಟೇ ಬರೆದರೆ ಯಾರೋ ಬಂದು ಗುಂಡಿ ಒತ್ತಿ, ತಿರುಗುತ್ತಿದೆಯಲ್ಲ ಎಂದು ಹೋಗಿಬಿಡಬಹುದು. ಮೊದಲು ಎಷ್ಟು ನಿಮಿಷ, ಈಗ ಎಷ್ಟು ನಿಮಿಷ, ಹೊರಗಿನ ಮುಚ್ಚಳ ತೆರೆಯುತ್ತಿದೆಯೋ ಇಲ್ಲವೋ, ವೆಂಟ್ ಕೊನೆಯ ಬಾರಿ ಯಾವಾಗ ಶುಚಿಯಾಯಿತು, ಇಷ್ಟನ್ನು ದಿನಾಂಕ ಹಾಕಿ ಬರೆಯಿರಿ. ಅವರು ಬರುವವರೆಗೆ ಯಂತ್ರ ನಿಲ್ಲಿಸಿ ಬಟ್ಟೆಯನ್ನು ಮಡಿಸುವ ಸ್ಟ್ಯಾಂಡಿನ ಮೇಲೆ ಹರವಿ. ಚಳಿಗಾಲದಲ್ಲಿ ಹೀಟರು ಹಾಕಿದ ಮನೆಯ ಗಾಳಿ ಎಷ್ಟು ಒಣಗಿರುತ್ತದೆಂದರೆ, ರಾತ್ರಿ ಹರವಿದ ಅಂಗಿ ಬೆಳಗಿನ ಕ್ಲಾಸಿಗೆ ಸಿದ್ಧವಾಗಿರುತ್ತದೆ.